ಬಳೆಗೆ ಸುತ್ತಿದ ಕಪ್ಪು ಟೇಪು

ಕಳೆದ ವಾರ ನಿಮ್ಮ ಅಮ್ಮನ ಮದುವೆಯ ಆಲ್ಬಂ ನೋಡುತ್ತಾ ಕೂತಿದ್ದಾಗ ನಿಮ್ಮಿಬ್ಬರಲ್ಲಿ ದೊಡ್ಡವಳು ನನ್ನನ್ನು ಎರಡು ಪ್ರಶ್ನೆ ಕೇಳಿದಳು. ಅಜ್ಜ ಎಲ್ಲ ಫೋಟೋಗಳಲ್ಲೂ ಯಾಕೆ ಮುಖ ಓರೆ ಮಾಡಿಕೊಂಡಿದ್ದಾರೆ ಎಂಬುದು ಒಂದು. ಅಜ್ಜನ ಪಕ್ಕದಲ್ಲಿ ನಿಂತ ನನ್ನ ಕೈಯಲ್ಲಿ ಒಂದು ಬಳೆಯೂ ಯಾಕಿಲ್ಲ ಎಂಬುದು ಇನ್ನೊಂದು. ಅವಳು ಕೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಅರ್ಥವಾಗಲಿಲ್ಲ ಎಂದುಕೊಂಡು ಮತ್ತೊಮ್ಮೆ ಕೇಳಿದಳು. ಅರ್ಥವಾಗಿತ್ತು. "ಮದುವೆ ಗಡಿಬಿಡಿಯಲ್ಲಿ ಮರ್ತು ಹೋಯ್ತು ಮಗಾ" ಎಂದೆ. ಅದು ಸುಳ್ಳು.

ಎದುರು ಕೂತು ಇಂಥದ್ದನ್ನು ಹೇಳುವ ಅಭ್ಯಾಸ ನನಗಿಲ್ಲ. ನಾಲ್ಕು ಜನ ನನ್ನ ಕಡೆ ನೋಡಿದರೆ ಈಗಲೂ ನಾಲಿಗೆ ಒಣಗುತ್ತದೆ. ಆದರೆ ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಹಾಗಾಗಿ ಬರೆಯುತ್ತಿದ್ದೇನೆ. ನಿಮ್ಮ ಅಮ್ಮ ಓದಿ ಹೇಳಲಿ. ಅವಳಿಗೂ ಇದು ಪೂರ್ತಿ ಗೊತ್ತಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವು ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿ ಎರಡು ಕೋಣೆಯ ಒಂದು ಫ್ಲಾಟನ್ನು ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡಿದ್ದೆವು. ಅವರು ನಮ್ಮ ಕರಾವಳಿಯ ಕಡೆಯವರೇ, ಕೊಂಕಣಿ ಮಾತಾಡುವ ಕ್ರೈಸ್ತರು. ನಿಮ್ಮ ಅಮ್ಮ ಆಗ ಊರಿನಲ್ಲೇ ಇದ್ದು ಓದುತ್ತಿದ್ದಳು. ಆ ಮನೆಯಾಕೆ ಆಸ್ಪತ್ರೆಯಲ್ಲಿ ನರ್ಸು. ನಾನು ಅವರನ್ನು ಬಾಯಿ ಎಂದು ಕರೆಯುತ್ತಿದ್ದೆ. ನಿಮ್ಮ ಅಜ್ಜ ಒಂದು ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ಟೆಕ್ನಿಷಿಯನ್. ನಾನು ಹೆಂಡತಿಯ ವೀಸಾದಲ್ಲಿ ಬಂದವಳು, ಆಮೇಲೆ ಒಂದು ಕ್ಲೀನಿಂಗ್ ಕಂಪನಿಯ ಇಕಾಮಾಕ್ಕೆ, ಅಂದರೆ ಅಲ್ಲಿನ ವಾಸದ ಪರವಾನಗಿಗೆ, ಬದಲಾದೆ. ಕಂಪನಿಯವರು ನನ್ನನ್ನು ಹಾಕಿದ್ದು ಅದೇ ಕಟ್ಟಡಕ್ಕೆ. ಅವರು ಒಳಗೆ, ನಾನು ಹೊರಗಿನ ಕಾರಿಡಾರ್ ಒರೆಸುತ್ತಾ.

ಅವರ ಕೋಣೆಯ ಬಾಗಿಲ ಮೇಲೆ ಒಂದು ಕೆಂಪು ದೀಪವಿತ್ತು. ಅದು ಉರಿಯುತ್ತಿದ್ದರೆ ಯಾರೂ ತಟ್ಟದೆ ಒಳಗೆ ಹೋಗುವಂತಿಲ್ಲ. ಒಳಗೆ ಲೇಸರ್. ಅದರ ಯಜಮಾನಿಕೆ ಒಬ್ಬ ಅರಬ್ ಪ್ರೊಫೆಸರಮ್ಮನದು. ಅಲ್ಲಿ ಅಂಥವರನ್ನು ದಕ್ತೂರಾ ಎಂದು ಕರೆಯುತ್ತಾರೆ. ಬಹಳ ಕಲಿತವರು, ಬಹಳ ನಿಧಾನವಾಗಿ ಮಾತಾಡುವವರು.

ನಿಮ್ಮ ಅಜ್ಜ ಸಂಜೆ ಚಹಾ ಕುಡಿಯುತ್ತಾ ಕೋಣೆಯೊಳಗಿನ ಕೆಲಸವನ್ನು ನನಗೆ ವಿವರಿಸುತ್ತಿದ್ದರು. ನಾವು ಮನೆಯಲ್ಲಿ ಆಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಬೆಳಕು ಬಿದ್ರೆ ಅಣು ಒಡೀತದೆ. ಒಡೀತದೆ ಅಂತ ಎಲ್ಲರಿಗೂ ಗೊತ್ತುಂಟು. ಒಡೆಯುವಾಗ ಹೇಗೆ ಒಡೀತದೆ ಅಂತ ನೋಡುದೇ ನಮ್ಮ ಕೆಲಸ" ಎನ್ನುತ್ತಿದ್ದರು.

"ತೆಂಗಿನಕಾಯಿ ಒಡೆದ ಹಾಗಾ?"

"ತೆಂಗಿನಕಾಯಿ ಆದ್ರೆ ಕಣ್ಣಿಗೆ ಕಾಣ್ತದೆ ಮಾರಾಯ್ತಿ. ಇದು ನೀನು ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ಕೋಟಿ ಸಲ ಒಡೆದು ಮುಗಿದಿರ್ತದೆ."

ಅಷ್ಟು ಬೇಗ ಆಗುವುದನ್ನು ಹೇಗೆ ನೋಡುವುದು? ಅದನ್ನೂ ಹೇಳಿದ್ದರು. ಒಂದೇ ಬೆಳಕಿನ ಮಿಂಚನ್ನು ಎರಡಾಗಿ ಸೀಳುತ್ತಾರೆ. ಒಂದು ನೇರವಾಗಿ ಹೋಗಿ ಅಣುವನ್ನು ಹೊಡೆದು ಒಡೆಯುತ್ತದೆ. ಇನ್ನೊಂದನ್ನು ಕನ್ನಡಿಗಳ ಮೇಲೆ ಹಾಯಿಸಿ ಸುತ್ತು ದಾರಿಯಲ್ಲಿ ಕಳಿಸುತ್ತಾರೆ. ಅದು ಸ್ವಲ್ಪ ತಡವಾಗಿ ತಲುಪಿ, ಒಡೆದದ್ದು ಈಗ ಯಾವ ಸ್ಥಿತಿಯಲ್ಲಿದೆ ಎಂದು ನೋಡುತ್ತದೆ. ಕನ್ನಡಿ ಒಂದು ಹಳಿಯ ಮೇಲಿದೆ. ಹಳಿಯನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದರೆ ಎರಡನೆಯ ಬೆಳಕಿಗೆ ಅಷ್ಟು ತಡ. ನನಗೆ ಇದು ಅರ್ಥವಾದದ್ದು ಬೇರೆ ರೀತಿಯಲ್ಲಿ. ಚಿಕ್ಕಂದಿನಲ್ಲಿ ನನ್ನನ್ನೂ ನನ್ನ ತಮ್ಮನನ್ನೂ ಅಂಗಡಿಗೆ ಕಳಿಸಿದರೆ ಅವನು ಗದ್ದೆಗೆ ಅಡ್ಡ ಇಳಿದು ಓಡುತ್ತಿದ್ದ, ನಾನು ಗದ್ದೆಯಂಚಿನ ಹುಣಿಯ ಮೇಲೆ ಸುತ್ತು ಹಾಕಿ ಬರುತ್ತಿದ್ದೆ. ಅವನು ಅಂಗಡಿಯಲ್ಲಿ ಏನು ಕಿತಾಪತಿ ಮಾಡಿದ್ದಾನೆಂದು ನಾನು ಹೋದ ಮೇಲೆ ಕಾಣುತ್ತಿತ್ತು. ಇದನ್ನು ಹೇಳಿದಾಗ ನಿಮ್ಮ ಅಜ್ಜ ನಕ್ಕು ನಕ್ಕು ಚಹಾ ಚೆಲ್ಲಿದರು. "ದಕ್ತೂರಾಗೆ ಹೇಳ್ಬೇಕು ಇದನ್ನು" ಎಂದರು. ಹೇಳಿಯೂ ಬಿಟ್ಟರು. ಮರುದಿನ ಅವರು ಕಾರಿಡಾರಿನಲ್ಲಿ ನನ್ನನ್ನು ನೋಡಿ ನಕ್ಕಾಗ ನಾನು ಬಕೆಟ್ ಹಿಡಿದುಕೊಂಡು ಮೂಲೆಗೆ ಸರಿದೆ.

ನಾನು ಆ ಕೋಣೆಯೊಳಗೆ ಹೋಗುವಂತಾದದ್ದು ಗಾಜಿನ ದೆಸೆಯಿಂದ. ಅಣು ಇರುವ ದ್ರವವನ್ನು ಒಂದು ಚಿಕ್ಕ ಚಪ್ಪಟೆ ಗಾಜಿನ ಪೆಟ್ಟಿಗೆಯಲ್ಲಿ ತುಂಬುತ್ತಿದ್ದರು. ಸೆಲ್ ಎನ್ನುತ್ತಾರೆ. ಹೆಬ್ಬೆರಳಿನಷ್ಟು ಅಗಲ, ಒಳಗಿನ ಸಂದು ಉಗುರಿನಷ್ಟು ತೆಳು. ಬಹಳ ಬೆಲೆಯ ವಸ್ತು. ತೊಳೆಯಲು ಹೋಗಿ ವಿದ್ಯಾರ್ಥಿಗಳು ಎರಡು ಒಡೆದರು. ದಕ್ತೂರಾ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ನಿಮ್ಮ ಅಜ್ಜ, ನನ್ನ ಹೆಂಡತಿ ಬೂತಾಯಿ ಮೀನಿನ ಮುಳ್ಳನ್ನು ಒಂದೂ ಮುರಿಯದೆ ತೆಗೆಯುತ್ತಾಳೆ, ಅವಳಿಗೆ ಕೊಟ್ಟು ನೋಡಿ ಎಂದರಂತೆ. ಹೀಗೆ ಪ್ರಯೋಗ ನಡೆಯುವ ದಿನಗಳಲ್ಲಿ ಸೂಪರ್‌ವೈಸರಿಗೆ ಹೇಳಿ ನನ್ನನ್ನು ಒಳಗೆ ಕರೆಸತೊಡಗಿದರು. ಮೂರು ಸಲ ಅಸಿಟೋನ್ ಹಾಕಿ ತೊಳೆಯುವುದು, ಗಾಳಿಯೂದಿ ಒಣಗಿಸುವುದು, ದ್ರವ ತುಂಬುವುದು, ಅಂಚಿನಲ್ಲಿ ಮಾತ್ರ ಹಿಡಿದು ಮೇಜಿನ ಬಳಿಗೆ ಒಯ್ಯುವುದು. ಒಂದು ವರ್ಷದಲ್ಲಿ ನಾನು ಒಂದೂ ಒಡೆಯಲಿಲ್ಲ. ಶಾಲೆ ಬಿಟ್ಟ ಮೇಲೆ ಯಾರಾದರೂ ನನ್ನನ್ನು ಹೊಗಳಿದ್ದು ಅದೇ ಮೊದಲು.

ಆ ದ್ರವ ಇಷ್ಟು ಚಿಕ್ಕ ಬಾಟಲಿಯಲ್ಲಿದ್ದರೂ ಎತ್ತಿದರೆ ಒಳಗೆ ಸೀಸದ ಗುಂಡು ಹಾಕಿದ ಹಾಗೆ ಭಾರ. ಅದರಲ್ಲಿ ಅಯೋಡಿನ್ ಇದೆ ಎಂದಿದ್ದರು. ಕಂದು ಬಾಟಲಿಯಲ್ಲಿ, ಒಳಗೊಂದು ತಾಮ್ರದ ತಂತಿಯ ತುಂಡು ಹಾಕಿ, ಕತ್ತಲಲ್ಲಿ ಇಡಬೇಕು. ಬೆಳಕಿಗಿಟ್ಟರೆ ತನ್ನಷ್ಟಕ್ಕೆ ಒಡೆದು ಕೆಂಪಗಾಗುತ್ತದೆ. ಒಂದು ಮಧ್ಯಾಹ್ನ ದಕ್ತೂರಾ ತಮ್ಮ ಊಟದ ಡಬ್ಬದಿಂದ ಒಂದು ಚೀಸ್ ತುಂಡು ತೆಗೆದು ಎರಡು ಆಲಿವ್ ಕಾಯಿಗಳನ್ನು ಕಡ್ಡಿಯಿಂದ ಅದಕ್ಕೆ ಚುಚ್ಚಿ ನನಗೆ ತೋರಿಸಿದರು. ನಿಮ್ಮ ಅಜ್ಜ ಪಕ್ಕದಲ್ಲಿ ನಿಂತು ಹೇಳುತ್ತಾ ಹೋದರು. ಬೆಳಕು ಹೊಡೆದಾಗ ಒಂದು ಆಲಿವ್ ಕಿತ್ತುಕೊಂಡು ಹಾರುತ್ತದೆ. ಒಂಟಿಯಾಗಿದ್ದರೆ ದೂರ ಹೋಗುತ್ತಿತ್ತು. ಆದರೆ ಸುತ್ತ ಬೇರೆ ಅಣುಗಳ ಜಾತ್ರೆ. ದಾರಿ ಬಿಡುವುದಿಲ್ಲ. ಅದು ಡಿಕ್ಕಿ ಹೊಡೆದು ಮರಳಿ ಬಂದು ಅಂಟಿಕೊಳ್ಳುತ್ತದೆ. ದಕ್ತೂರಾ ಆಲಿವನ್ನು ಚೀಸಿಗೆ ಚುಚ್ಚದೆ ಇನ್ನೊಂದು ಆಲಿವಿನ ಬೆನ್ನಿಗೆ ಚುಚ್ಚಿ ನನ್ನ ಮುಖ ನೋಡಿದರು.

"ತಪ್ಪು ಜಾಗಕ್ಕೆ" ಎಂದೆ.

"ಹಾಂ. ಅದನ್ನು ಹಿಡಿಯುವುದೇ ಇಷ್ಟು ದಿನದ ಪಾಡು" ಎಂದರು ನಿಮ್ಮ ಅಜ್ಜ.

ಇನ್ನು ಬಳೆಯ ವಿಷಯ.

ಆ ಕೋಣೆಯ ಮೊದಲ ನಿಯಮ, ಕೈಯಲ್ಲಿ ಕೊರಳಲ್ಲಿ ಹೊಳೆಯುವ ಲೋಹ ಇರಬಾರದು. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಂಡರೂ ಮಸುಕು ಕೆಂಪು. ಆದರೆ ಯಾವುದಾದರೂ ಲೋಹಕ್ಕೆ ತಾಗಿ ಚಿಮ್ಮಿ ಕಣ್ಣಿಗೆ ಹೊಕ್ಕರೆ ಒಳಗಿನ ಪರದೆ ಸುಟ್ಟು ಹೋಗುತ್ತದೆ. ಬಾಗಿಲ ಬಳಿ ನಿಮ್ಮ ಅಜ್ಜ ಲಬನ್ ಎಂಬ ಅಲ್ಲಿನ ಮಜ್ಜಿಗೆಯ ಒಂದು ಖಾಲಿ ಡಬ್ಬ ಇಟ್ಟಿದ್ದರು. ಒಳಗೆ ಬರುವವರೆಲ್ಲ ವಾಚು, ಉಂಗುರ, ಬೀಗದ ಕೈ ಅದರಲ್ಲಿ ಹಾಕಬೇಕು. ದಕ್ತೂರಾ ತಮ್ಮ ಮದುವೆಯ ಉಂಗುರವನ್ನೂ ಹಾಕುತ್ತಿದ್ದರು. ಒಮ್ಮೆ ಕಾಲೇಜಿನ ದೊಡ್ಡ ಅಧಿಕಾರಿಯೊಬ್ಬರು ಚಿನ್ನದ ವಾಚು ತೆಗೆಯಲು ಒಪ್ಪದಿದ್ದಾಗ ನಿಮ್ಮ ಅಜ್ಜ ಬಾಗಿಲಿಗೆ ಅಡ್ಡ ನಿಂತು "ಸಾರಿ ಸರ್" ಎಂದಷ್ಟೇ ಹೇಳುತ್ತಾ ಕದಲಲಿಲ್ಲ. ಕೋಣೆಯ ಸ್ಪ್ಯಾನರ್, ಸ್ಕ್ರೂಡ್ರೈವರುಗಳಿಗೆಲ್ಲ ತಾವೇ ಕೂತು ಕಪ್ಪು ಬಣ್ಣ ಬಳಿದಿದ್ದರು.

ನಾನು ಮೊದಲ ದಿನ ಒಳಗೆ ಹೋದಾಗ ನನ್ನ ಎರಡೂ ಕೈಯಲ್ಲಿ ಎರಡೆರಡು ಚಿನ್ನದ ಬಳೆಗಳಿದ್ದವು, ಮದುವೆಯಲ್ಲಿ ನನ್ನ ತಾಯಿ ಇಟ್ಟದ್ದು. ನಿಮ್ಮ ಅಜ್ಜ ಡಬ್ಬ ಹಿಡಿದು ನಿಂತರು. ಬಳೆ ನೋಡಿದರು. ನನ್ನನ್ನು ನೋಡಿದರು. ಗಂಡ ಎದುರಿಗಿರುವಾಗ ಹೆಂಡತಿ ಕೈ ಬರಿದು ಮಾಡುವುದು ಎಂದರೆ ನಮ್ಮಲ್ಲಿ ಏನು ಎಂದು ನಿಮಗೆ ತಿಳಿಯದು. ಅದನ್ನು ಬಾಯಲ್ಲಿ ಆಡಿದರೂ ಅಪಶಕುನ. ನಾನೇ ತೆಗೆಯಬಹುದಿತ್ತು. ಅವರು ತೆಗೆ ಎನ್ನಬಹುದಿತ್ತು. ಅಧಿಕಾರಿಯ ಮುಖಕ್ಕೆ ಹೇಳಿದ ಮನುಷ್ಯ ನನಗೆ ಹೇಳಲಿಲ್ಲ.

"ಇರು" ಎಂದು ಒಳಗೆ ಹೋಗಿ ಕಪ್ಪು ಟೇಪಿನ ಸುರುಳಿ ತಂದರು. ಬಟ್ಟೆಯಂಥ, ಹೊಳಪಿಲ್ಲದ ಟೇಪು. ನನ್ನ ಕೈ ಹಿಡಿದು ಒಂದೊಂದೇ ಬಳೆಗೆ ಸುತ್ತಿದರು. ಕರಿಮಣಿಯನ್ನು ನನಗೆ ಕೊಟ್ಟ ಲ್ಯಾಬ್ ಕೋಟಿನೊಳಗೆ ಸೇರಿಸಿ ಕುತ್ತಿಗೆಯವರೆಗೆ ಗುಂಡಿ ಹಾಕಿಸಿದರು.

"ಯಾರಾದರೂ ನೋಡಿದ್ರೆ?" ಎಂದೆ.

"ಗಾಡಿಯ ಟಯರಿನ ಹಾಗೆ ಕಾಣ್ತದೆ, ಅಷ್ಟೇ. ನಡಿ."

ಅಂದಿನಿಂದ ಪ್ರತಿ ಸಲ ಹಾಗೆಯೇ. ದಕ್ತೂರಾಗೆ ನನ್ನ ಕೋಟಿನ ತೋಳಿನ ಕೆಳಗೆ ಏನಿದೆ ಎಂದು ಗೊತ್ತಿತ್ತೋ ಇಲ್ಲವೋ. ನಾವು ಹೇಳಲಿಲ್ಲ.

ಅವಘಡವಾದ ದಿನ ಹೊರಗಿನಿಂದ ಮೂವರು ಅತಿಥಿಗಳು ಬಂದಿದ್ದರು. ಬೆಳಿಗ್ಗೆಯಿಂದ ಧೂಳುಗಾಳಿ, ಹೊರಗೆ ಆಕಾಶ ಗೋಣಿಯ ಬಣ್ಣಕ್ಕೆ ತಿರುಗಿತ್ತು. ಅಂಥ ದಿನ ಆ ಕೋಣೆಯ ಯಂತ್ರ ಹಟ ಹಿಡಿಯುತ್ತಿತ್ತು. ನಿಮ್ಮ ಅಜ್ಜ ಎರಡು ತಾಸಿನಿಂದ ಕನ್ನಡಿಗಳನ್ನು ಹೊಂದಿಸುತ್ತಲೇ ಇದ್ದರು. ಬೆಳಕು ಎಲ್ಲಿ ಬೀಳುತ್ತಿದೆ ಎಂದು ನೋಡಲು ಒಂದು ಕಾರ್ಡ್ ಇರುತ್ತದೆ, ಬೆಳಕು ತಾಗಿದಲ್ಲಿ ಅದು ಮಿನುಗುತ್ತದೆ. ಕಣ್ಣಿಗೆ ಕಟ್ಟುವ ದಪ್ಪ ಕನ್ನಡಕದಲ್ಲಿ ಆ ಮಿನುಗು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಅವರು ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದರು. ಮಾಡಬಾರದು. ಆದರೆ ಅಲ್ಲಿ ಎಲ್ಲರೂ ಒಮ್ಮೊಮ್ಮೆ ಮಾಡುತ್ತಿದ್ದರು.

ನಾನು ಮೂಲೆಯ ಸಿಂಕಿನಲ್ಲಿ ನಾಲ್ಕನೆಯ ಸಲವೋ ಐದನೆಯ ಸಲವೋ ಸೆಲ್ ತೊಳೆಯುತ್ತಿದ್ದೆ. ಅಸಿಟೋನ್ ಮಣಿಕಟ್ಟಿನವರೆಗೆ ಹರಿದು ತಣ್ಣಗಾಗುತ್ತಿತ್ತು. ಆಗ ನೋಡಿದೆ. ಬಲಗೈಯ ಬಳೆಯ ಟೇಪು ಅಂಟು ಕರಗಿ ನಾಲಿಗೆಯ ಹಾಗೆ ಜೋತುಬಿದ್ದಿತ್ತು. ಬೆರಳಿನಿಂದ ಒತ್ತಿದೆ, ನಿಲ್ಲಲಿಲ್ಲ. ಒಂದು ಬೆರಳಿನಷ್ಟು ಚಿನ್ನ ಕಾಣುತ್ತಿತ್ತು.

ಕೂಗಿ ಹೇಳಬೇಕಿತ್ತು. "ಟೇಪು ಹೋಯ್ತು" ಎಂಬ ಎರಡು ಶಬ್ದ. ಆದರೆ ಆ ಮೂವರು ಗಂಡಸರು, ದಕ್ತೂರಾ, ಎಲ್ಲರೂ ಕಂಪ್ಯೂಟರಿನ ಪರದೆಯ ಮುಂದೆ ನಿಂತಿದ್ದರು. ನಾನು ಬಾಯಿ ತೆರೆದರೆ ಎಲ್ಲರೂ ತಿರುಗಿ ನನ್ನ ಕೈ ನೋಡುತ್ತಾರೆ, ಬಳೆ ಇರುವುದು ಗೊತ್ತಾಗುತ್ತದೆ, ನಿಮ್ಮ ಅಜ್ಜನ ಮರ್ಯಾದೆ ಹೋಗುತ್ತದೆ. ಇದನ್ನೆಲ್ಲ ಆಗ ಯೋಚಿಸಿದೆನೋ, ಆಮೇಲೆ ನೆವಕ್ಕೆ ಸೇರಿಸಿಕೊಂಡೆನೋ ಗೊತ್ತಿಲ್ಲ. ನಾಚಿಕೆಯಾಯಿತು ಎಂಬುದು ಮಾತ್ರ ನಿಜ. ಕೋಟಿನ ತೋಳನ್ನು ಕೆಳಗೆಳೆದು ಬಳೆ ಮುಚ್ಚಿದೆ.

"ಕೊಡು" ಎಂದು ನಿಮ್ಮ ಅಜ್ಜ ತಿರುಗದೆಯೇ ಕೈ ಚಾಚಿದರು. ಸೆಲ್ ಕೊಡುವ ಮೊದಲು ಬೆಳಕಿಗೆ ತಡೆ ಇಡುವುದು ಪದ್ಧತಿ. ಅವರು ಇಟ್ಟಿದ್ದರು. ಎರಡು ಬೆಳಕಿನಲ್ಲಿ ಒಂದಕ್ಕೆ ಮಾತ್ರ. ನಾನು ಮೇಜಿನ ಮೇಲೆ ಕೈ ಚಾಚಿದೆ. ಕೋಟಿನ ತೋಳು ಹಿಂದಕ್ಕೆ ಸರಿಯಿತು.

ನನಗೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಅವರಿಗೆ ಮಾತ್ರ ಕಣ್ಣಿನೊಳಗೆ ಟಪ್ ಎಂದು ಕೇಳಿತಂತೆ, ಒಗ್ಗರಣೆಯಲ್ಲಿ ಒಂದು ಸಾಸಿವೆ ಸಿಡಿದ ಹಾಗೆ. "ಓ" ಎಂದರು. ನನ್ನ ಕೈಯಿಂದ ಸೆಲ್ ತೆಗೆದು ಜೋಪಾನವಾಗಿ ಅದರ ಜಾಗದಲ್ಲಿ ಇಟ್ಟರು. ಆಮೇಲೆ ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡರು, ತೆಗೆದರು, ಎಡಗಣ್ಣಿನ ಮೇಲೆ ಇಟ್ಟುಕೊಂಡರು. ನನ್ನ ಮುಖವನ್ನು ದಿಟ್ಟಿಸಿ ನೋಡಿದರು.

"ಎಂತ ಆಯ್ತು?" ಎಂದೆ.

"ನಿನ್ನ ಮುಖ ಇಲ್ಲ" ಎಂದರು. "ಕಿವಿ ಉಂಟು, ಕೂದಲು ಉಂಟು. ನಡುವೆ ಇಲ್ಲ."

ನಮ್ಮ ಫ್ಲಾಟಿನ ಬಾಯಿ ಕೆಲಸ ಮಾಡುವ ಆಸ್ಪತ್ರೆಗೇ ಕರೆದೊಯ್ದರು. ಡಾಕ್ಟರು ಕಣ್ಣಿಗೆ ಔಷಧ ಬಿಟ್ಟು ನೋಡಿ ಅರ್ಧ ತಾಸು ಮಾತಾಡಿದರು. ಹೊರಗೆ ಬೆಂಚಿನ ಮೇಲೆ ಬಾಯಿ ನನ್ನ ಪಕ್ಕ ಕೂತರು. ಸದಾ ನನ್ನನ್ನು ಗೇಲಿ ಮಾಡುವ ಹೆಂಗಸು ಅಂದು ಮಾಡಲಿಲ್ಲ.

"ಬಲಗಣ್ಣಿನ ನೋಡುವ ಜಾಗದ ನಟ್ಟ ನಡುವೆಯೇ ಸುಟ್ಟಿದೆ. ಅದಕ್ಕೆ ಮದ್ದು ಇಲ್ಲ ಅಮ್ಮ. ಇನ್ನೊಂದು ಕಣ್ಣು ಉಂಟಲ್ಲ, ದೇವರು ದೊಡ್ಡವನು" ಎಂದರು. ಆಮೇಲೆ, "ಎಂತ ತಾಗಿ ಚಿಮ್ಮಿದ್ದಂತೆ ಅದು?" ಎಂದು ಕೇಳಿದರು.

ನಾನು ಸೆರಗಿನೊಳಗೆ ಕೈ ಸೇರಿಸಿದೆ. "ಗೊತ್ತಿಲ್ಲ ಬಾಯಿ."

ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ಸೋಪು ಹಚ್ಚಿ ನಾಲ್ಕೂ ಬಳೆ ಎಳೆದು ತೆಗೆದೆ. ಹದಿನೇಳು ವರ್ಷ ಕೈಯಲ್ಲಿದ್ದವು, ಗೆಣ್ಣು ದಾಟುತ್ತಿರಲಿಲ್ಲ. ಚರ್ಮ ಕಿತ್ತು ಬಂತು. ಬಲಗೈಯ ಬಳೆಯನ್ನು ಬಲ್ಬಿನ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಕಣ್ಣು ತೆಗೆದದ್ದು, ಅದರ ಮೇಲೆ ಒಂದು ಚುಕ್ಕೆಯಾದರೂ ಬಿದ್ದಿರಬೇಕು ಎಂದುಕೊಂಡಿದ್ದೆ. ಏನೂ ಇರಲಿಲ್ಲ. ಅಕ್ಕಸಾಲಿಗ ಕೊಟ್ಟ ದಿನದ ಹಾಗೆಯೇ ಹೊಳೆಯುತ್ತಿತ್ತು.

ಕಾಲೇಜಿನವರು ವಿಚಾರಣೆ ಮಾಡಿದರು. ಬೆಳಕು ಯಾವುದಕ್ಕೆ ತಾಗಿತು ಎಂಬ ಪ್ರಶ್ನೆಗೆ ನಿಮ್ಮ ಅಜ್ಜ, ತಮ್ಮ ಕೈಯಲ್ಲಿದ್ದ ಸ್ಪ್ಯಾನರಿಗೆ ಎಂದು ಬರೆದುಕೊಟ್ಟರು. ಕನ್ನಡಕ ಏರಿಸಿದ್ದು ತಮ್ಮದೇ ತಪ್ಪು ಎಂದೂ ಬರೆದರು. ನನಗೆ ಅದನ್ನು ಹೇಳಿದಾಗ ಅವರ ಮುಖ ಕಿಟಕಿಯ ಕಡೆ ಇತ್ತು. ಸ್ಪ್ಯಾನರ್ ಎಂದು ಅವರು ನಿಜವಾಗಿಯೂ ನಂಬಿದ್ದಾರೆ ಎಂದುಕೊಂಡೆ ನಾನು. ಅಲ್ಲ ಎನ್ನಲು ಹತ್ತು ಸಲ ಬಾಯಿ ತೆರೆದೆ. ಹತ್ತು ಸಲವೂ ಊಟಕ್ಕೆ ಬನ್ನಿ ಎಂದೆ.

ಮರುವಾರ ದಕ್ತೂರಾ ಖರ್ಜೂರದ ಡಬ್ಬ ಹಿಡಿದು ನಮ್ಮ ಫ್ಲಾಟಿಗೆ ಬಂದರು. ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಚಹಾ ಕೊಡುವಾಗ ನನ್ನ ಕೈ ಅವರ ಕಣ್ಣಿನ ಮಟ್ಟಕ್ಕೆ ಬಂತು. ಬಳೆ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಗೆಣ್ಣಿನ ಮೇಲೆ ಒಣಗಿದ ಗಾಯ. ಅವರು ಕಪ್ ತೆಗೆದುಕೊಳ್ಳದೆ ಅದನ್ನೇ ನೋಡಿದರು. ಆಮೇಲೆ ನಿಮ್ಮ ಅಜ್ಜನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಒಂದು ಮಾತು ಕೇಳಿದರು. ಅಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು.

"ಯಾವ ಸ್ಪ್ಯಾನರ್? ಆ ಕೋಣೆಯ ಸ್ಪ್ಯಾನರುಗಳೆಲ್ಲ ಕಪ್ಪು. ನೀವೇ ಬಳಿದದ್ದು."

"ಒಂದರದ್ದು ಬಣ್ಣ ಹೋಗಿತ್ತು, ದಕ್ತೂರಾ."

ಅವರು ಚಹಾ ಕುಡಿದು ಹೋದರು. ವರದಿಯಲ್ಲಿ ಸ್ಪ್ಯಾನರ್ ಎಂದೇ ಉಳಿಯಿತು. ಕೆಲಸ ಹೋಗಲಿಲ್ಲ, ಅದು ದಕ್ತೂರಾ ಮಾಡಿದ ಉಪಕಾರ. ಆದರೆ ಒಂದು ಕಣ್ಣಿನವನನ್ನು ಲೇಸರ್ ಕೋಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಅಜ್ಜನನ್ನು ನೆಲಮಾಳಿಗೆಯ ಸ್ಟೋರಿಗೆ ಹಾಕಿದರು. ಬಾಟಲಿಗಳ ಮೇಲೆ ಚೀಟಿ ಅಂಟಿಸುವುದು, ಕೇಳಿದವರಿಗೆ ಎತ್ತಿ ಕೊಡುವುದು. ನಾನು ಮತ್ತೆ ಕಾರಿಡಾರ್ ಒರೆಸಲು ಹೋದೆ. ಕೆಂಪು ದೀಪದ ಬಾಗಿಲು ಬಂದಾಗ ಬೇಗ ಬೇಗ ಒರೆಸಿ ಮುಂದೆ ಹೋಗುತ್ತಿದ್ದೆ. ಒಳಗೆ ಹೊಸ ಟೆಕ್ನಿಷಿಯನ್ ಬಂದಿದ್ದ. ಮರುವರ್ಷ ದಕ್ತೂರಾ ಅಂದುಕೊಂಡದ್ದನ್ನು ಹಿಡಿದರಂತೆ. ಕಿತ್ತ ತುಂಡು ತಪ್ಪು ಜಾಗಕ್ಕೆ ಅಂಟುವುದು ಪರದೆಯ ಮೇಲೆ ಗೆರೆಯಾಗಿ ಕಂಡಿತಂತೆ. ಕೇಕ್ ಕತ್ತರಿಸಿದರು. ನಿಮ್ಮ ಅಜ್ಜನನ್ನೂ ಕರೆದಿದ್ದರು. ಅವರು ಸ್ಟೋರಿನಲ್ಲಿ ಕೆಲಸ ಉಂಟು ಎಂದು ಹೋಗಲಿಲ್ಲ.

ಆ ನಂತರದ ವರ್ಷಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ಸಂಜೆಯ ಚಹಾ ಇತ್ತು, ಮಾತಿರಲಿಲ್ಲ. ದಿನಾ ಬೆಳಿಗ್ಗೆ ಅವರು ಗೋಡೆಯ ಕ್ಯಾಲೆಂಡರಿನ ಎದುರು ನಿಂತು ಎಡಗಣ್ಣು ಮುಚ್ಚಿಕೊಂಡು ಆ ದಿನದ ಅಂಕೆಯನ್ನು ನೋಡುತ್ತಿದ್ದರು. ಅಂಕೆ ಕಾಣುತ್ತಿರಲಿಲ್ಲ, ಅದರ ಅಕ್ಕಪಕ್ಕದವು ಕಾಣುತ್ತಿದ್ದವು. ನಾನು ಅಡುಗೆಮನೆಯಿಂದ ಇಣುಕಿ, ಅವರು ಕೈ ತೆಗೆದ ಮೇಲೆ ಬರುತ್ತಿದ್ದೆ. ನನ್ನ ಬರಿಗೈ ಬಗ್ಗೆ ಅವರು ಒಂದೇ ಒಂದು ಸಲವೂ ಕೇಳಲಿಲ್ಲ. ಕೇಳಲಿಲ್ಲವೆಂದು ಸಮಾಧಾನಪಟ್ಟೆ. ಅವರು ಕೇಳದೆ ಇದ್ದದ್ದರಿಂದಲೇ ನನಗೆ ತಿಳಿಯಬೇಕಿತ್ತು.

ನಿಮ್ಮ ಅಮ್ಮನ ಮದುವೆ ಊರಿನಲ್ಲಿ ಆಯಿತು. ಮದುವೆಯ ಹಿಂದಿನ ದಿನ ಬಳೆಗಾರ ಬಂದು ಹೆಂಗಸರಿಗೆಲ್ಲ ಹಸಿರು ಗಾಜಿನ ಬಳೆ ಇಡುತ್ತಿದ್ದ. ಮದುಮಗಳ ತಾಯಿ ಮೊದಲು ಇಡಿಸಿಕೊಳ್ಳಬೇಕು. ನಾನು ಆಮೇಲೆ ಆಮೇಲೆ ಎನ್ನುತ್ತಾ ಅಕ್ಕಿ ಆರಿಸುತ್ತಿದ್ದೆ. ನಿಮ್ಮ ಅಜ್ಜನ ತಂಗಿ ಎಲ್ಲರಿಗೂ ಕೇಳುವ ಹಾಗೆ ಶುರುಮಾಡಿದಳು.

"ಅತ್ತಿಗೇ, ಅರಬ್ಬರ ದೇಶದಲ್ಲಿ ಚಿನ್ನ ಬೀದಿಯಲ್ಲಿ ಸಿಗ್ತದೆ ಅಂತಾರೆ. ನಿಮ್ಮ ಕೈಗೆ ಮಾತ್ರ ಸಿಗ್ಲಿಲ್ವಾ?"

ಹೆಂಗಸರು ನಕ್ಕರು. ನಾನು ಅಕ್ಕಿಯಿಂದ ತಲೆ ಎತ್ತಲಿಲ್ಲ.

"ಚಿನ್ನ ಬೇಡ, ಗಾಜಾದ್ರೂ ಹಾಕ್ಕೊಳ್ಳಿ ಮಾರಾಯ್ರೆ. ನಮ್ಮಣ್ಣ ಬದುಕಿದ್ದಾನೆ, ನೆನಪುಂಟಾ?"

ಯಾರೂ ನಗಲಿಲ್ಲ. ನಿಮ್ಮ ಅಜ್ಜ ಜಗಲಿಯಲ್ಲಿ ಚಪ್ಪರದವರ ಜೊತೆ ಇದ್ದವರು ಒಳಗೆ ಬಂದರು. "ಸ್ವಲ್ಪ ಬಾ" ಎಂದರು. ಹಿಂದೆ, ಅಡುಗೆಯ ದೊಡ್ಡ ಪಾತ್ರೆಗಳನ್ನು ಬೋರಲು ಹಾಕಿದ್ದ ಕಡೆ ಹೋದೆವು.

"ಹಾಕ್ಕೊ. ಮಗಳ ಮದುವೆ" ಎಂದರು.

ಎಂಟು ವರ್ಷ ತಡೆದದ್ದು ಆ ಪಾತ್ರೆಗಳ ನಡುವೆ ಬಾಯಿಗೆ ಬಂತು. "ಅದು ಸ್ಪ್ಯಾನರ್ ಅಲ್ಲ" ಎಂದೆ. "ನನ್ನ ಬಳೆ. ಟೇಪು ಬಿಟ್ಟುಹೋಗಿತ್ತು. ನಾನು ನೋಡಿದ್ದೆ. ನೋಡಿಯೂ ಹೇಳ್ಲಿಲ್ಲ."

ಅವರು ಒಂದು ತಪ್ಪಲೆಯ ಅಂಚನ್ನು ಹಿಡಿದುಕೊಂಡರು. ಆಶ್ಚರ್ಯಪಡಲಿಲ್ಲ.

"ನನಗೆ ಗೊತ್ತುಂಟು."

"ಯಾವಾಗಿಂದ?"

"ಆವತ್ತಿನಿಂದಲೇ. ಸ್ಪ್ಯಾನರ್ ನನ್ನ ಕೈಯಲ್ಲಿ ಇರಲೇ ಇಲ್ಲ." ತಪ್ಪಲೆಯ ಅಂಚು ಒರೆಸುತ್ತಾ ಹೇಳಿದರು, "ಅಸಿಟೋನ್ ತಾಗಿದ್ರೆ ಆ ಟೇಪಿನ ಅಂಟು ನಿಲ್ಲುದಿಲ್ಲ. ನಿನಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುತ್ತಿದೆ. ತೆಗೆ ಅಂತ ಹೇಳ್ಲಿಕ್ಕೆ ಆಗ್ಲಿಲ್ಲ."

"ಹಾಗಾದ್ರೆ ಇಷ್ಟು ವರ್ಷ ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಬಳೆ ತೆಗೆದದ್ದು ನನ್ನ ಮೇಲಿನ ಸಿಟ್ಟಿಗೆ ಅಂದುಕೊಂಡೆ."

ನನ್ನ ತಪ್ಪಿಗೆ ನಾನು ತೆಗೆದದ್ದನ್ನು ಅವರು ತಮ್ಮ ತಪ್ಪಿಗೆ ಶಿಕ್ಷೆ ಎಂದು ದಿನಾ ನೋಡಿದ್ದರು. ನಾನು ಅಳಲಿಲ್ಲ, ಅವರೂ ಅಳಲಿಲ್ಲ. ಅಡುಗೆ ಭಟ್ಟರು ತಪ್ಪಲೆ ಕೇಳಿಕೊಂಡು ಬಂದರು. ಒಳಗೆ ಹೋದಾಗ ಬಳೆಗಾರ ಕೈ ಹಿಡಿಯಲು ಬಂದ. ನಾನು ಕೈ ಕೊಟ್ಟೆ. ಮೊದಲ ಬಳೆ ಗೆಣ್ಣಿನ ಹತ್ತಿರ ಬಂದಾಗ ಕೈ ಎಳೆದುಕೊಂಡೆ, ಬಳೆ ಒಡೆಯಿತು. ಎರಡನೆಯದೂ ಒಡೆಯಿತು. ಆಮೇಲೆ ನಿಮ್ಮ ಅಜ್ಜನೇ "ಬಿಡಿ, ಅವಳಿಗೆ ಬೇಡ" ಎಂದು ತಂಗಿಯ ಕಡೆ ನೋಡದೆ ಹೊರಗೆ ಹೋದರು. ಮರುದಿನದ ಫೋಟೋಗಳೇ ನೀವು ನೋಡಿದ್ದು. ಅವರು ಮುಖ ಓರೆ ಮಾಡುತ್ತಿದ್ದದ್ದು ಎಡಗಣ್ಣನ್ನು ಮುಂದಕ್ಕೆ ತರಲು.

ಹೇಳಿಕೊಂಡ ಮೇಲೆ ಹಗುರಾಯಿತೇ ಎಂದು ನೀವು ಕೇಳಬಹುದು. ಇಲ್ಲ. ಕುವೈತಿಗೆ ಮರಳಿದ ಮೇಲೆ ಮನೆಯಲ್ಲಿ ಮಾತು ಮತ್ತೆ ಶುರುವಾಯಿತು. ಆದರೆ ಅದು ಹಳೆಯ ಮಾತಲ್ಲ. ಮೀನಿನ ರೇಟು, ಬಾಡಿಗೆ, ನಿಮ್ಮ ಅಮ್ಮನ ಫೋನು. ಬೆಳಕಿನ ಬಗ್ಗೆ, ಒಡೆಯುವುದರ ಬಗ್ಗೆ ಅವರು ಮತ್ತೆ ಎಂದೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಒಮ್ಮೆ ಮಾತ್ರ, ಚಹಾ ಕೊಡುವಾಗ, ಎಡಗಣ್ಣು ಮುಚ್ಚಿ ನನ್ನನ್ನು ನೋಡಿದರು. "ಈಗಲೂ ಇಲ್ಲವಾ?" ಎಂದು ಕೇಳಿದೆ. "ಇಲ್ಲ" ಎಂದರು.

ನಿಮ್ಮಲ್ಲಿ ದೊಡ್ಡವಳು ಹುಟ್ಟಿದ ಮರುವರ್ಷ ಒಂದು ಬೆಳಿಗ್ಗೆ ಸ್ಟೋರಿನಲ್ಲಿ ಎದೆನೋವು ಬಂದು ಕೂತವರು ಏಳಲಿಲ್ಲ. ಊರಿನಲ್ಲಿ ಕರ್ಮದ ದಿನ ಶಾಸ್ತ್ರಕ್ಕೆಂದು ನಾಲ್ಕು ಜನ ಮುದುಕಿಯರು ನನ್ನ ಬಳಿ ಬಂದು ಕೂತರು, ಬಳೆ ತೆಗೆಸಲು. ನನ್ನ ಎರಡೂ ಕೈ ಹಿಡಿದು ನೋಡಿ, ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾದಿನಿ ಬಾಗಿಲಲ್ಲಿ ನಿಂತಿದ್ದಳು. ತಿರುಗಿ ಒಳಗೆ ಹೋದಳು.

ಆಮೇಲೆ ನಿಮ್ಮ ಅಮ್ಮ ನನ್ನನ್ನು ಮತ್ತೆ ಕುವೈತಿಗೆ, ಈ ಫಿಂಟಾಸಿನ ಮನೆಗೆ ಕರೆತಂದಳು. ಆ ನಾಲ್ಕು ಬಳೆಗಳು ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿ, ಹಳೆಯ ಲಬನ್ ಡಬ್ಬದೊಳಗೆ ಇವೆ. ಎರಡೆರಡು ನಿಮ್ಮಿಬ್ಬರಿಗೆ. ನಾನು ಹೋದ ಮೇಲೆ ತೆಗೆದುಕೊಳ್ಳಿ, ಬೇಡವೆನಿಸಿದರೆ ಕರಗಿಸಿ. ದೊಡ್ಡವಳಿಗೆ ಈ ವರ್ಷ ಶಾಲೆಯಲ್ಲಿ ಲ್ಯಾಬ್ ಕೋಟು ಹೊಲಿಸಿದ್ದಾರೆ. ನಿನ್ನೆ ಅದನ್ನು ಹಾಕಿ ಕನ್ನಡಿಯ ಮುಂದೆ ನಿಂತಿದ್ದಳು, ಕೈಯಲ್ಲಿ ಹುಟ್ಟುಹಬ್ಬದ ಬ್ರೇಸ್ಲೆಟ್ ಇತ್ತು. ಮಗಾ, ಲ್ಯಾಬಿಗೆ ಹೋಗುವ ದಿನ ಅದನ್ನು ಮನೆಯಲ್ಲೇ ತೆಗೆದಿಟ್ಟು ಹೋಗು, ಟೀಚರ್ ಹೇಳುವ ತನಕ ಕಾಯಬೇಡ. ಯಾರಾದರೂ ಪ್ರೀತಿಯಿಂದ, ಪರವಾಗಿಲ್ಲ ಬಾ, ಟೇಪು ಸುತ್ತಿಕೊಡುತ್ತೇನೆ ಎಂದರೆ ಬೇಡ ಎನ್ನು. ಎಷ್ಟು ಜನ ತಿರುಗಿ ನೋಡಿದರೂ ಸರಿ, ಗಟ್ಟಿಯಾಗಿ ಹೇಳು.